ಯಾವ ಆಸನವನ್ನು ಆರಿಸಿಕೊಳ್ಳುವಿರಿ?



ಇಂದು ನಮ್ಮ ಕರಾವಳಿಯ ಯಾವ ಧರ್ಮಕೇಂದ್ರಕ್ಕೆ ಹೋದರೂ ವಿಮಾನದ ನಂಟಿಲ್ಲದ ಕುಟುಂಬವನ್ನು ಕಾಣುವುದು ಕಷ್ಟ. ಮಗ ಮಸ್ಕತ್‌ನಲ್ಲಿ, ಮಗಳು ಕುವೈತ್‌ನಲ್ಲಿ, ತಂಗಿ ಮುಂಬಯಿಯಲ್ಲಿ, ಅಳಿಯ ಐರ್ಲೆಂಡಿನಲ್ಲಿ - ಹೀಗೆ ಒಂದೇ ಮನೆಯವರು ನಾಲ್ಕು ದಿಕ್ಕಿಗೆ ಹಂಚಿಹೋಗಿದ್ದಾರೆ. ಹಿಂದೆ ಕೊಲ್ಲಿ ರಾಷ್ಟ್ರಗಳಿಗೆ ಹೊರಟವರು ಬಸ್ಸಿನಲ್ಲಿ ಇಡೀ ರಾತ್ರಿ ಕುಳಿತು ಮೊದಲು ಮುಂಬಯಿಯನ್ನು ಸೇರಬೇಕಾಗಿತ್ತು. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಆ ತಾಪತ್ರಯ ತಪ್ಪಿತು. ಈಗ ಟಿಕೆಟನ್ನು ಮನೆಯಲ್ಲಿಯೇ ಕುಳಿತು, ಅಂಗೈಯಗಲದ ಮೊಬೈಲಿನಲ್ಲಿಯೇ ಕಾದಿರಿಸಬಹುದು.

ಹಾಗೆ ಕಾದಿರಿಸುವಾಗ, ಊರಿನ ಹೆಸರು, ದಿನಾಂಕ, ಪ್ರಯಾಣಿಕರ ವಿವರಗಳನ್ನು ತುಂಬಿಸಿದ ಮೇಲೆ, ಪರದೆಯ ಮೇಲೆ ವಿಮಾನದ ಒಂದು ನಕ್ಷೆ ಮೂಡುವುದನ್ನು ನೀವು ಕಂಡಿರಬಹುದು. ಬಣ್ಣ ಬಣ್ಣದ ಪುಟ್ಟ ಚೌಕಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ. ನೀವು ಎಲ್ಲಿ ಕುಳಿತುಕೊಳ್ಳಲು ಬಯಸುವಿರಿ ಎಂದು ಆ ನಕ್ಷೆ ಕೇಳುತ್ತದೆ. ಕೇಳಲು ಇದು ತೀರ ಸಣ್ಣ ಪ್ರಶ್ನೆ. ಆದರೆ ಮನುಷ್ಯನ ಮನಸ್ಸನ್ನು ಅರಿಯಲು ಸಣ್ಣ ಪ್ರಶ್ನೆಗಳೇ ಸಾಕು. ಬಸ್ ನಿಲ್ದಾಣದಲ್ಲಿ ಕಿಟಕಿಯೊಳಗಿಂದ ಟವೆಲು ಎಸೆದು ಸೀಟು ಹಿಡಿಯುತ್ತಿದ್ದ ನಾವೇ ಈಗ ಬೆರಳ ತುದಿಯಿಂದ ಸೀಟು ಹಿಡಿಯುತ್ತಿದ್ದೇವೆ. ಸಾಧನ ಬದಲಾಯಿತು, ಆಸೆ ಬದಲಾಗಲಿಲ್ಲ.

ಶಾಲಾ ಸೇವೆಯಿಂದ ನಿವೃತ್ತನಾದ ನನಗೆ ನಮ್ಮ ವಾರ್ಡಿನ ಹಿರಿಯರಿಗೆ ಟಿಕೆಟ್ ಕಾದಿರಿಸಿಕೊಡುವ ಕೆಲಸ ತಾನಾಗಿಯೇ ಒದಗಿಬಂದಿದೆ. ಆದಕಾರಣ ಈ ನಕ್ಷೆಯ ಮುಂದೆ ನಾನು ಹಲವರೊಡನೆ ಹಲವು ಬಾರಿ ಕುಳಿತಿದ್ದೇನೆ. ಆ ಅನುಭವದಿಂದ ಮೂಡಿದ ಕೆಲವು ವಿಚಾರಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ನಕ್ಷೆಯನ್ನೇ ಅರ್ಥಮಾಡಿಕೊಳ್ಳೋಣ. ಪ್ರತಿ ಸಾಲಿಗೆ ಒಂದು ಅಂಕಿ, ಸಾಲಿನ ಪ್ರತಿ ಆಸನಕ್ಕೆ ಒಂದು ಅಕ್ಷರ. ನಮ್ಮಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ 320, ಬೋಯಿಂಗ್ 737 ಮಾದರಿಯ ವಿಮಾನಗಳಲ್ಲಿ ಒಂದೇ ನಡುದಾರಿ. ಅದರ ಎಡಕ್ಕೆ ಎ, ಬಿ, ಸಿ ಎಂಬ ಮೂರು ಆಸನಗಳು, ಬಲಕ್ಕೆ ಡಿ, ಇ, ಎಫ್ ಎಂಬ ಮೂರು. ಎ ಮತ್ತು ಎಫ್ ಕಿಟಕಿಯ ಪಕ್ಕ. ಸಿ ಮತ್ತು ಡಿ ನಡುದಾರಿಯ ಪಕ್ಕ. ಬಿ ಮತ್ತು ಇ ಇಬ್ಬರ ನಡುವಿನ ಇಕ್ಕಟ್ಟಿನ ಸ್ಥಾನ. ಹುಬ್ಬಳ್ಳಿ, ಮೈಸೂರುಗಳಿಗೆ ಹೋಗಿಬರುವ ಚಿಕ್ಕ ಎಟಿಆರ್ ವಿಮಾನಗಳಲ್ಲಿ ಎಡಕ್ಕೆ ಎರಡು, ಬಲಕ್ಕೆ ಎರಡು ಆಸನಗಳಿರುವುದರಿಂದ ನಡುವಿನ ಸ್ಥಾನವೆಂಬುದೇ ಇಲ್ಲ. ದೂರದೇಶಗಳಿಗೆ ಹೋಗುವ ದೊಡ್ಡ ವಿಮಾನಗಳಲ್ಲಿ ಎರಡು ನಡುದಾರಿಗಳಿರುತ್ತವೆ. ಅಲ್ಲಿ ಸಾಮಾನ್ಯವಾಗಿ ಐ ಎಂಬ ಅಕ್ಷರವನ್ನು ಬಿಟ್ಟುಬಿಡುತ್ತಾರೆ. ಅದು ಒಂದು ಎಂಬ ಅಂಕಿಯಂತೆ ಕಂಡು ಪ್ರಯಾಣಿಕರಿಗೆ ಗೊಂದಲವಾಗಬಾರದೆಂದು.

ಕೆಲವು ಸಂಸ್ಥೆಗಳ ವಿಮಾನಗಳಲ್ಲಿ 13ನೆಯ ಸಾಲೇ ಇರುವುದಿಲ್ಲ. 12ರ ಹಿಂದೆ ನೇರವಾಗಿ 14. ಹದಿಮೂರು ಅಶುಭವೆಂಬ ಪಾಶ್ಚಾತ್ಯರ ಭಯವೇ ಇದಕ್ಕೆ ಕಾರಣ. ಕಡೆಯ ಭೋಜನದಲ್ಲಿ ಪ್ರಭು ಯೇಸುವೂ ಹನ್ನೆರಡು ಮಂದಿ ಶಿಷ್ಯರೂ ಸೇರಿ ಹದಿಮೂರು ಜನರಿದ್ದರೆಂಬುದನ್ನೂ ಈ ಭಯದೊಡನೆ ತಳುಕುಹಾಕುತ್ತಾರೆ. ನನಗಾದರೋ ಇದು ವಿಚಿತ್ರವಾಗಿ ತೋರುತ್ತದೆ. ಪರಮಪ್ರಸಾದವು ಸ್ಥಾಪನೆಯಾದ ಆ ಮೇಜಿನ ಸುತ್ತ ಕುಳಿತವರ ಸಂಖ್ಯೆಗೆ ಕ್ರೈಸ್ತನಾದವನು ಹೆದರುವುದಾದರೂ ಹೇಗೆ?

ಇನ್ನು ಹಣದ ವಿಷಯ. 2015ರಲ್ಲಿ ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಇಷ್ಟದ ಆಸನ, ಊಟ ಮುಂತಾದ ಸೇವೆಗಳಿಗೆ ಟಿಕೆಟಿನ ದರದಿಂದ ಪ್ರತ್ಯೇಕವಾಗಿ ಶುಲ್ಕ ಪಡೆಯಲು ವಿಮಾನ ಸಂಸ್ಥೆಗಳಿಗೆ ಅವಕಾಶ ನೀಡಿತು. ಅಂದಿನಿಂದ ಮುಂದಿನ ಸಾಲಿಗೊಂದು ಬೆಲೆ, ಕಿಟಕಿಗೊಂದು ಬೆಲೆ, ಕಾಲು ಚಾಚಲು ಸ್ಥಳವಿರುವ ಆಸನಕ್ಕೆ ಇನ್ನೂ ಹೆಚ್ಚಿನ ಬೆಲೆ. ಐದು ಜನರ ಕುಟುಂಬ ಹೋಗಿಬರುವ ಎರಡು ಪ್ರಯಾಣಕ್ಕೂ ಆಸನಗಳನ್ನು ಕೊಂಡರೆ ಮೂಗಿಗಿಂತ ಮೂಗುತಿ ಭಾರವೆಂಬಂತಾಗುತ್ತದೆ. ಆರಿಸಿಕೊಳ್ಳದವರಿಗೆ ಆಸನ ಸಿಗುವುದಿಲ್ಲವೆಂದೇನೂ ಅಲ್ಲ. ಚೆಕ್-ಇನ್ ಮಾಡುವಾಗ ಉಳಿದವುಗಳಲ್ಲಿ ಒಂದನ್ನು ಕೊಡುತ್ತಾರೆ. ಆದರೆ ಕುಟುಂಬದವರು ಚದುರಿಹೋಗಬಹುದು. ಪುಟ್ಟ ಮಕ್ಕಳು ತಂದೆತಾಯಿಯರಿಂದ ಬೇರೆಯಾಗಿ ಕುಳಿತುಕೊಳ್ಳಬೇಕಾದ ಪ್ರಸಂಗಗಳು ನಡೆದು ದೂರುಗಳು ಬಂದ ಮೇಲೆ, 2024ರ ಏಪ್ರಿಲ್‌ನಲ್ಲಿ ಅದೇ ನಿರ್ದೇಶನಾಲಯವು 12 ವರ್ಷದವರೆಗಿನ ಮಕ್ಕಳಿಗೆ ತಂದೆತಾಯಿ ಅಥವಾ ಪಾಲಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಆಸನ ಕೊಡಲೇಬೇಕೆಂದು ನಿರ್ದೇಶಿಸಿತು. ಇದಕ್ಕೆ ಒಂದು ನಿಬಂಧನೆಯುಂಟು: ಮಗುವಿನ ಮತ್ತು ಪಾಲಕರ ಟಿಕೆಟುಗಳು ಒಂದೇ ಪಿಎನ್‌ಆರ್ ಸಂಖ್ಯೆಯಡಿ ಇರಬೇಕು. ಆದ್ದರಿಂದ ಚಿಕ್ಕ ಮಕ್ಕಳಿರುವವರು ಕುಟುಂಬದ ಟಿಕೆಟುಗಳನ್ನು ಬೇರೆ ಬೇರೆಯಾಗಿ ಕೊಳ್ಳದೆ ಒಟ್ಟಿಗೆ ಕಾದಿರಿಸುವುದು ಒಳಿತು.

ಇಷ್ಟು ತಿಳಿದ ಮೇಲೆ ಆಯ್ಕೆಯ ಮಾತು. ಸಕ್ಕರೆ ಕಾಯಿಲೆಯಿರುವವರಿಗೆ, ಮೊಣಕಾಲು ನೋವಿರುವವರಿಗೆ, ಪದೇ ಪದೇ ಏಳಬೇಕಾದ ಹಿರಿಯರಿಗೆ ನಡುದಾರಿಯ ಪಕ್ಕದ ಆಸನವೇ ಒಳ್ಳೆಯದೆಂದು ನಾನು ಹೇಳುತ್ತೇನೆ. ನಿದ್ದೆ ಬೇಕೆನ್ನುವವರಿಗೆ ಕಿಟಕಿಯ ಬದಿ. ಬೇಗ ಇಳಿಯಬೇಕೆನ್ನುವವರಿಗೆ ಮುಂದಿನ ಸಾಲು. ಇವೆಲ್ಲ ಸಾಮಾನ್ಯ ತಿಳಿವಳಿಕೆಯ ಮಾತುಗಳು. ಆದರೆ ಮನುಷ್ಯರು ಸಾಮಾನ್ಯ ತಿಳಿವಳಿಕೆಯಿಂದ ಮಾತ್ರ ಆರಿಸಿಕೊಳ್ಳುವುದಿಲ್ಲ. ಮೊಮ್ಮಗಳ ಪ್ರಥಮ ಪರಮಪ್ರಸಾದ ಸ್ವೀಕಾರಕ್ಕೆಂದು ಮಸ್ಕತ್‌ಗೆ ಹೊರಟಿದ್ದ, ಎಪ್ಪತ್ತರ ಹೊಸ್ತಿಲಲ್ಲಿದ್ದ ಒಬ್ಬ ತಾಯಿ ನನ್ನಲ್ಲಿಗೆ ಬಂದಿದ್ದರು. ಜೀವನದಲ್ಲಿ ಮೊದಲ ವಿಮಾನಯಾನ. ಅವರ ಮೊಣಕಾಲಿನ ಅವಸ್ಥೆ ತಿಳಿದಿದ್ದ ನಾನು ನಡುದಾರಿಯ ಆಸನವನ್ನು ಸೂಚಿಸಿದೆ. ಅವರು ಒಪ್ಪಲಿಲ್ಲ.

"ಮಾಸ್ಟ್ರೇ, ನನಗೆ ಕಿಟಕಿ ಬದಿಯೇ ಬೇಕು. ಹದಿನೆಂಟು ವರ್ಷದಿಂದ ನನ್ನ ಮಗ ಹೋಗುತ್ತಾ ಬರುತ್ತಾ ಇದ್ದಾನೆ. ಅವನು ಹೋದಾಗಲೆಲ್ಲ ನಾನು ಅಂಗಳದಲ್ಲಿ ನಿಂತು ಮೇಲೆ ನೋಡಿದ್ದೇನೆ. ಒಂದು ಸಲ ಮೇಲಿನಿಂದ ಕೆಳಗೆ ನೋಡಬೇಕು" ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಿಟಕಿಯ ಆಸನವನ್ನೇ ಕಾದಿರಿಸಿದೆ. ಒಳ್ಳೆಯ ಸ್ಥಾನವನ್ನು ಬಯಸುವುದು ಪಾಪವಲ್ಲವೆಂದು ಹೇಳಲು ನಾನು ಈ ಪ್ರಸಂಗವನ್ನು ಹೇಳುತ್ತಿದ್ದೇನೆ. ಭಕ್ತಿಯ ಹೆಸರಿನಲ್ಲಿ ಎಲ್ಲ ಆಸೆಗಳನ್ನೂ ಸ್ವಾರ್ಥವೆಂದು ಕರೆಯುವ ಉಪದೇಶ ಒಣ ಉಪದೇಶ. ಕೆಲವು ಆಸೆಗಳ ಬೇರಿನಲ್ಲಿ ಪ್ರೀತಿಯಿರುತ್ತದೆ. ಪ್ರಶ್ನೆಯಿರುವುದು ಆಸೆಯಲ್ಲಲ್ಲ; ನಮ್ಮ ಆಸೆ ಪಕ್ಕದವನನ್ನು ಕಾಣುತ್ತದೆಯೋ ಇಲ್ಲವೋ ಎಂಬುದರಲ್ಲಿ.

ಪಕ್ಕದವನ ಮಾತು ಬಂದಾಗ, ಆಸನ ಬದಲಾಯಿಸಿಕೊಳ್ಳುವ ವಿಷಯವನ್ನೂ ಹೇಳಬೇಕು. ವಿಮಾನ ಏರಿದ ಮೇಲೆ ಯಾರೋ ಬಂದು, ದಯವಿಟ್ಟು ನನ್ನ ಆಸನಕ್ಕೆ ಬರುವಿರಾ, ನಾವಿಬ್ಬರೂ ಒಟ್ಟಿಗಿದ್ದೇವೆ ಎಂದು ಕೇಳುವುದುಂಟು. ನೀವು ಕೇಳುವವರಾದರೆ, ನೀವು ಕೊಡುವ ಆಸನವು ನೀವು ಬೇಡುವ ಆಸನಕ್ಕೆ ಸಮನಾಗಿರಲಿ. ನಡುವಿನ ಸ್ಥಾನವನ್ನು ಕೊಟ್ಟು ಕಿಟಕಿಯನ್ನು ಬೇಡುವುದು ವಿನಯವಲ್ಲ. ಇನ್ನೊಬ್ಬರು ಹಣ ಕೊಟ್ಟು ಪಡೆದ ಸ್ಥಾನದಲ್ಲಿ ಮೊದಲೇ ಕುಳಿತುಕೊಂಡು ಅವರು ಬಂದಾಗ ಮುಖ ನೋಡುವುದಂತೂ ಸಲ್ಲದು. ನೀವು ಕೇಳಿಸಿಕೊಳ್ಳುವವರಾದರೆ, ಇಲ್ಲವೆನ್ನುವ ಹಕ್ಕು ನಿಮಗಿದೆ. ಹಾಗೆಂದವರನ್ನು ಯಾರೂ ನಿಂದಿಸಬಾರದು, ಅವರ ಕಾರಣ ನಮಗೆ ಕಾಣದಿರಬಹುದು. ಆದರೆ ಕೊಡಬಲ್ಲವರು ಕೊಟ್ಟಾಗ, ಹಣ ಕೊಟ್ಟು ಕೊಂಡ ವಸ್ತುವು ಪುಕ್ಕಟೆಯ ಕಾಣಿಕೆಯಾಗಿ ಮಾರ್ಪಡುತ್ತದೆ. ಹಕ್ಕಿಲ್ಲದವನು ಬಿಟ್ಟುಕೊಡುವುದಕ್ಕಿಂತ ಹಕ್ಕಿರುವವನು ಬಿಟ್ಟುಕೊಡುವುದೇ ತ್ಯಾಗ.

ಇತ್ತೀಚೆಗೆ ನನ್ನಲ್ಲಿಗೆ ಬರುವವರು ಇನ್ನೊಂದು ಪ್ರಶ್ನೆಯನ್ನು ಕೇಳಲಾರಂಭಿಸಿದ್ದಾರೆ: ಯಾವ ಸೀಟು ಸುರಕ್ಷಿತ? 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಬೋಯಿಂಗ್ 787 ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಕುಸಿದುಬಿತ್ತು. ಒಳಗಿದ್ದ 242 ಮಂದಿಯಲ್ಲಿ ಬದುಕುಳಿದವರು ಒಬ್ಬರೇ. ಅವರು ಕುಳಿತಿದ್ದುದು ತುರ್ತು ನಿರ್ಗಮನ ದ್ವಾರದ ಬಳಿಯ 11ಎ ಆಸನದಲ್ಲಿ. ಆ ಸುದ್ದಿಯಾದ ಮೇಲೆ, 11ಎ ಸಿಗುವುದೇ ಎಂದು ಕೇಳಿದವರುಂಟು. ನಾನು ಅವರಿಗೆ ಹೇಳುವುದಿಷ್ಟೆ: ಒಂದು ವಿಮಾನದಲ್ಲಿ ದ್ವಾರದ ಬಳಿಯಿರುವ 11ನೆಯ ಸಾಲು ಇನ್ನೊಂದು ಮಾದರಿಯ ವಿಮಾನದಲ್ಲಿ ದ್ವಾರದಿಂದ ದೂರವಿರಬಹುದು. ಅಂಕಿಯಲ್ಲಿ ರಕ್ಷಣೆಯಿಲ್ಲ.

ನಮ್ಮ ಊರಿನವರಿಗೆ ಇದನ್ನು ದೂರದ ಸುದ್ದಿಯಂತೆ ಹೇಳಬೇಕಾಗಿಯೂ ಇಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇಯನ್ನು ದಾಟಿ ಕಮರಿಗುರುಳಿದಾಗ 158 ಮಂದಿ ತೀರಿಕೊಂಡರು. 8 ಮಂದಿ ಬದುಕಿ ಬಂದರು. ಉಳಿದ ಎಂಟು ಮಂದಿಯನ್ನು ದೇವರು ಪ್ರೀತಿಸಿದರು, ಮಿಕ್ಕವರನ್ನು ಕೈಬಿಟ್ಟರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಲೊವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಸುದ್ದಿಯನ್ನು ಪ್ರಸ್ತಾಪಿಸಿ, ಸತ್ತವರು ಇತರರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಪ್ರಭು ಯೇಸುವೇ ಸ್ಪಷ್ಟಪಡಿಸಿದ್ದಾರೆ. ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಇದನ್ನು ಓದಬಹುದು. ಆಪ್ತರನ್ನು ಕಳೆದುಕೊಂಡ ಕುಟುಂಬಗಳಿಗೆ ಬೇಕಾಗಿರುವುದು ನಮ್ಮ ವಿವರಣೆಯಲ್ಲ, ನಮ್ಮ ಸಾಮೀಪ್ಯ.

ಹಾಗೆಂದು ಎಲ್ಲವನ್ನೂ ದೇವರ ಮೇಲೆ ಹಾಕಿ ಸುಮ್ಮನಿರುವುದೂ ವಿಶ್ವಾಸವಲ್ಲ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಪ್ರಚೋದಿಸಿದ ಸೈತಾನನಿಗೆ ಯೇಸು ಮಣಿಯಲಿಲ್ಲ. ನಿಮ್ಮ ಆಸನ ಯಾವುದೇ ಆಗಿರಲಿ, ಪಟ್ಟಿಯನ್ನು ಸರಿಯಾಗಿ ಬಿಗಿದುಕೊಳ್ಳಿ. ಸಿಬ್ಬಂದಿ ಸುರಕ್ಷತೆಯ ವಿಧಾನವನ್ನು ತೋರಿಸುವಾಗ ಮೊಬೈಲನ್ನು ಕೆಳಗಿಡಿ. ಹತ್ತಿರದ ತುರ್ತು ದ್ವಾರವು ಮುಂದಿದೆಯೋ ಹಿಂದಿದೆಯೋ, ಎಷ್ಟು ಸಾಲುಗಳ ದೂರದಲ್ಲಿದೆಯೋ ಎಣಿಸಿಕೊಳ್ಳಿ; ಹೊಗೆ ತುಂಬಿದಾಗ ಕಣ್ಣಿಗೆ ಕಾಣದ ದಾರಿಯನ್ನು ಕೈ ತಡವಿ ಎಣಿಸಬಹುದು. ಹೊರಗೋಡಬೇಕಾಗಿ ಬಂದರೆ ಚೀಲವನ್ನು ಬಿಟ್ಟು ಹೋಗಿ. ನಿಮ್ಮ ಚೀಲ ತಡೆಯುವ ನಾಲ್ಕು ಕ್ಷಣ ನಿಮ್ಮ ಹಿಂದಿರುವವನ ಪ್ರಾಣವಾಗಿರಬಹುದು.

ಈಗ ಯಾರೂ ಬಯಸದ ಆಸನದ ಬಳಿಗೆ ಬರೋಣ. ಹಿಂದಿನ ಸಾಲಿನ, ನಡುವಿನ ಆಸನ. ಅತ್ತ ಕಿಟಕಿಯಿಲ್ಲ, ಇತ್ತ ದಾರಿಯಿಲ್ಲ. ಎಲ್ಲರೂ ಆರಿಸಿ ಬಿಟ್ಟ ಮೇಲೆ ಉಳಿಯುವ ಸ್ಥಾನ ಅದು. ಅದರಲ್ಲಿ ಯಾರು ಕುಳಿತುಕೊಳ್ಳುತ್ತಾರೆಂದು ನೀವು ಯೋಚಿಸಿದ್ದೀರಾ? ಹಣ ಉಳಿಸಬೇಕಾದವರು ಕುಳಿತುಕೊಳ್ಳುತ್ತಾರೆ. ಆಯ್ಕೆಯ ಅರಿವಿಲ್ಲದವರು ಕುಳಿತುಕೊಳ್ಳುತ್ತಾರೆ. ಇವರಲ್ಲದೆ ಇನ್ನೊಂದು ಬಗೆಯವರಿದ್ದಾರೆ: ಕಡೆಯ ಗಳಿಗೆಯಲ್ಲಿ ಟಿಕೆಟ್ ಕೊಂಡವರು. ಕಡೆಯ ಗಳಿಗೆಯಲ್ಲಿ ಯಾರು ಕೊಳ್ಳುತ್ತಾರೆ? ಮದುವೆಗೆ ಹೋಗುವವರು ಮೂರು ತಿಂಗಳ ಮೊದಲೇ ಕಾದಿರಿಸುತ್ತಾರೆ. ಹಬ್ಬಕ್ಕೆ ಬರುವವರು ರಜೆ ಮಂಜೂರಾದ ದಿನವೇ ಕಾದಿರಿಸುತ್ತಾರೆ. ಸಾವು ಮಾತ್ರ ಮುಂಚಿತವಾಗಿ ತಿಳಿಸಿ ಬರುವುದಿಲ್ಲ.

ನನ್ನ ಅಣ್ಣ ಮುಂಬಯಿಯಲ್ಲಿ ತೀರಿಕೊಂಡ ದಿನ ನನಗೆ ಸಿಕ್ಕಿದ್ದು ಅಂಥದೇ ಆಸನ. ಬೆಳಗಿನ ಜಾವ ಫೋನ್ ಬಂತು. ಮಧ್ಯಾಹ್ನದೊಳಗೆ ನಾನು ವಿಮಾನದಲ್ಲಿದ್ದೆ. ಎಡಕ್ಕೆ ಒಬ್ಬ ಯುವಕ, ಬಲಕ್ಕೆ ಮಧ್ಯವಯಸ್ಸಿನ ಒಬ್ಬ ಮಹನೀಯರು. ಇಬ್ಬರೂ ಅಪರಿಚಿತರು. ನಾನು ಅವರೊಡನೆ ಮಾತನಾಡಲಿಲ್ಲ. ಅವರೂ ಏನನ್ನೂ ಕೇಳಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ನಾನು ಒಂದು ವಿಷಯವನ್ನು ಗಮನಿಸಿದೆ. ಆ ಇಬ್ಬರೂ ತಮ್ಮ ಮತ್ತು ನನ್ನ ನಡುವೆ ಕೈ ಇಡಲು ಇದ್ದ ಹಿಡಿಯನ್ನು ಪೂರ್ತಿಯಾಗಿ ನನಗೆ ಬಿಟ್ಟುಕೊಟ್ಟು, ತಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಮುಂಬಯಿ ಬರುವ ತನಕ ಅವರ ಮೊಣಕೈ ನನಗೆ ತಾಗಲಿಲ್ಲ. ನನ್ನ ಮುಖವನ್ನು ನೋಡಿ ಅವರು ಏನನ್ನು ಅರಿತುಕೊಂಡರೋ ತಿಳಿಯದು. ನಡುವೆ ಕುಳಿತವನಿಗೆ ಎರಡೂ ಹಿಡಿಗಳು ಸಲ್ಲಬೇಕೆಂಬುದು ವಿಮಾನಯಾನಿಗಳಲ್ಲಿ ಬರೆಯದೆ ಬಂದಿರುವ ಒಂದು ಸೌಜನ್ಯವೆಂದು ಆಮೇಲೆ ಕೇಳಿ ತಿಳಿದೆ. ಅಂದು ಮಾತ್ರ ಆ ನಾಲ್ಕು ಬೆರಳು ಅಗಲದ ಸ್ಥಳ ನನಗೆ ದೊಡ್ಡ ಸಾಂತ್ವನವಾಗಿತ್ತು. ದುಃಖದಲ್ಲಿರುವವನಿಗೆ ಸ್ವಲ್ಪ ಸ್ಥಳ ಬಿಟ್ಟುಕೊಡುವುದಕ್ಕೆ ಹಣವೂ ಬೇಡ, ಮಾತೂ ಬೇಡ.

ಆದ್ದರಿಂದ ಇನ್ನು ಮುಂದೆ ನಿಮ್ಮ ಪಕ್ಕದ ನಡುವಿನ ಆಸನಕ್ಕೆ ಯಾರಾದರೂ ಬಂದು ಕುಳಿತಾಗ, ಆ ವ್ಯಕ್ತಿ ಎಲ್ಲಿಂದ ಬಂದಿರಬಹುದೆಂದು ಒಂದು ಕ್ಷಣ ಆಲೋಚಿಸಿ.

ಶುಭಸಂದೇಶದಲ್ಲಿಯೂ ಆಸನಗಳನ್ನು ಮುಂಚಿತವಾಗಿ ಕಾದಿರಿಸಲು ಬಂದವರಿದ್ದಾರೆ. ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನರು ಯೇಸುವಿನ ಬಳಿಗೆ ಬಂದು, ಪ್ರಭುವು ಮಹಿಮೆಯಲ್ಲಿ ಆಸೀನರಾಗುವಾಗ ತಮ್ಮಲ್ಲಿ ಒಬ್ಬನಿಗೆ ಬಲಗಡೆಯ, ಇನ್ನೊಬ್ಬನಿಗೆ ಎಡಗಡೆಯ ಸ್ಥಾನವನ್ನು ದಯಪಾಲಿಸಬೇಕೆಂದು ಬೇಡಿಕೊಂಡರು. ಸಂತ ಮಾರ್ಕರು ಇದನ್ನು 10ನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಸಂತ ಮತ್ತಾಯರ ಪ್ರಕಾರ ಮಕ್ಕಳ ಪರವಾಗಿ ಕೇಳಿದವಳು ತಾಯಿ. ಮಕ್ಕಳಿಗೆ ಒಳ್ಳೆಯ ಜಾಗ ಸಿಗಲೆಂದು ಬಯಸುವ ಎಲ್ಲ ತಾಯಂದಿರಂತೆಯೇ ಅವಳೂ. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬಂತು. ಆ ಸ್ಥಾನಗಳ ಮೇಲೆ ಅವರಿಗೂ ಕಣ್ಣಿತ್ತೆಂಬುದಕ್ಕೆ ಆ ಸಿಟ್ಟೇ ಸಾಕ್ಷಿ.

ಯೇಸುವಿಗಾದರೋ ಸಿಟ್ಟು ಬರಲಿಲ್ಲ. ಅವರು ಒಂದು ಪ್ರಶ್ನೆಯನ್ನು ಕೇಳಿದರು. ತಾವು ಕುಡಿಯಲಿರುವ ಪಾತ್ರೆಯಿಂದ ಕುಡಿಯಲು ಅವರಿಂದಾಗುವುದೇ ಎಂದು. ಸ್ಥಾನದೊಡನೆ ಬರುವ ಹೊಣೆಯನ್ನು ಬಲ್ಲಿರಾ ಎಂಬುದೇ ಆ ಪ್ರಶ್ನೆಯ ತಿರುಳು. ಆಗುತ್ತದೆ ಎಂದು ಅವರು ಥಟ್ಟನೆ ಉತ್ತರಿಸಿದರು. ಶುಭಸಂದೇಶವನ್ನು ಇನ್ನೂ ಕೆಲವು ಪುಟ ಓದುತ್ತ ಹೋದರೆ, ಯೇಸುವಿನ ಬಲಗಡೆ ಒಬ್ಬನೂ ಎಡಗಡೆ ಒಬ್ಬನೂ ಇರುವ ದೃಶ್ಯ ನಿಜವಾಗಿಯೂ ಎದುರಾಗುತ್ತದೆ. ಅದು ಕಲ್ವಾರಿಯಲ್ಲಿ. ಆ ಎರಡು ಸ್ಥಾನಗಳಲ್ಲಿದ್ದವರು ಶಿಲುಬೆಗೇರಿಸಲ್ಪಟ್ಟ ಇಬ್ಬರು ಕಳ್ಳರು. ತಾವು ಏನನ್ನು ಬೇಡುತ್ತಿದ್ದೇವೆಂದು ಸಹೋದರರಿಬ್ಬರಿಗೂ ಅಂದು ತಿಳಿದಿರಲಿಲ್ಲ. ಆದರೂ ಪ್ರಭುವು ಅವರನ್ನು ದೂರ ತಳ್ಳಲಿಲ್ಲ. ದೊಡ್ಡವನಾಗಬಯಸುವವನು ಸೇವಕನಾಗಲಿ ಎಂದು ಹೇಳಿ, ಅವರ ಆಸೆಗೆ ಹೊಸ ದಿಕ್ಕನ್ನು ತೋರಿಸಿದರು. ಮುಂದೆ ಯಕೋಬನು ಹೆರೋದನ ಕತ್ತಿಗೆ ಬಲಿಯಾದನೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರೆದಿದೆ. ಪಾತ್ರೆಯಿಂದ ಕುಡಿಯಬಲ್ಲೆನೆಂದ ಮಾತನ್ನು ಅವನು ಉಳಿಸಿಕೊಂಡನು.

ಈ ಪ್ರಶ್ನೆ ವಿಮಾನದಲ್ಲಿಯೂ ಕೇಳಿಬರುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. ವಿಮಾನದ ರೆಕ್ಕೆಯ ಬಳಿ ತುರ್ತು ನಿರ್ಗಮನದ ಸಾಲುಗಳಿವೆ. ಜನರು ಹೊರಗೋಡಲು ಅಡ್ಡಿಯಾಗಬಾರದೆಂದು ಅಲ್ಲಿ ಆಸನಗಳ ಮುಂದೆ ಹೆಚ್ಚು ಸ್ಥಳ ಬಿಟ್ಟಿರುತ್ತಾರೆ. ಕಾಲು ಚಾಚಿ ಕುಳಿತುಕೊಳ್ಳಬಹುದೆಂಬ ಕಾರಣಕ್ಕೆ ಅವಕ್ಕೆ ಬೇಡಿಕೆ ಹೆಚ್ಚು, ಶುಲ್ಕವೂ ಹೆಚ್ಚು. ಆದರೆ ಹಣವಿದ್ದವರೆಲ್ಲ ಅಲ್ಲಿ ಕುಳಿತುಕೊಳ್ಳುವಂತಿಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ, ಕೂಸುಗಳನ್ನು ಎತ್ತಿಕೊಂಡವರಿಗೆ, ಇನ್ನೊಬ್ಬರ ನೆರವು ಬೇಕಾದವರಿಗೆ ಆ ಸಾಲನ್ನು ಕೊಡುವುದಿಲ್ಲ. ಮೇಲೇರುವ ಮತ್ತು ಇಳಿಯುವ ಹೊತ್ತಿನಲ್ಲಿ ಕಾಲಬುಡದಲ್ಲಿ ಚೀಲವನ್ನೂ ಇಟ್ಟುಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಿಮಾನ ಹೊರಡುವ ಮೊದಲು ಗಗನಸಖಿ ಆ ಸಾಲಿನವರ ಬಳಿಗೆ ಬಂದು ದ್ವಾರವನ್ನು ತೆರೆಯುವ ವಿಧಾನವನ್ನು ವಿವರಿಸುತ್ತಾಳೆ; ಅಗತ್ಯ ಬಿದ್ದಾಗ ನೆರವಾಗಲು ನೀವು ಸಿದ್ಧರಿದ್ದೀರಾ ಎಂದು ಕೇಳುತ್ತಾಳೆ. ಸಿದ್ಧರಿಲ್ಲವೆಂದರೆ ಬೇರೆ ಆಸನಕ್ಕೆ ಕಳುಹಿಸುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ.

ಇಡೀ ವಿಮಾನದಲ್ಲಿ ಪ್ರಯಾಣಿಕನಿಗೆ ಇಂಥ ಪ್ರಶ್ನೆ ಎದುರಾಗುವುದು ಅಲ್ಲಿ ಮಾತ್ರ. ಕಿಟಕಿಯ ಪಕ್ಕ ಕುಳಿತವನನ್ನು ಯಾರೂ ಏನನ್ನೂ ಕೇಳುವುದಿಲ್ಲ. ಮುಂದಿನ ಸಾಲಿನವನನ್ನೂ ಕೇಳುವುದಿಲ್ಲ. ಹೆಚ್ಚಿನ ಸ್ಥಳ ಪಡೆದವನನ್ನು ಮಾತ್ರ, ಇತರರಿಗಾಗಿ ಏಳುವೆಯಾ ಎಂದು ಕೇಳುತ್ತಾರೆ. ಎಷ್ಟೋ ಮಂದಿ ಕಿವಿಯಲ್ಲಿ ಹಾಡು ಕೇಳುತ್ತಲೇ ತಲೆಯಾಡಿಸಿಬಿಡುತ್ತಾರೆ. ಯಕೋಬ ಯೊವಾನ್ನರ ಥಟ್ಟನೆಯ ಉತ್ತರದಂತೆ. ಆದರೆ ಆ ತಲೆಯಾಟಕ್ಕೆ ಬೆಲೆಯುಂಟು. ದೊಡ್ಡ ಪ್ರಯಾಣಿಕ ವಿಮಾನದ ವಿನ್ಯಾಸಕ್ಕೆ ಮಂಜೂರಾತಿ ಸಿಗಬೇಕಾದರೆ, ಅರ್ಧದಷ್ಟು ದ್ವಾರಗಳು ಮುಚ್ಚಿದ್ದರೂ ತುಂಬಿದ ವಿಮಾನದಿಂದ ಎಲ್ಲರೂ 90 ಸೆಕೆಂಡುಗಳಲ್ಲಿ ಹೊರಬರಬಹುದೆಂದು ತೋರಿಸಿಕೊಡಬೇಕು. ನಿಜವಾದ ಅಪಾಯದಲ್ಲಿ ರೆಕ್ಕೆಯ ಮೇಲಿನ ದ್ವಾರವನ್ನು ತೆರೆಯುವವನು ಅಲ್ಲಿ ಕುಳಿತಿರುವ ಸಾಮಾನ್ಯ ಪ್ರಯಾಣಿಕನೇ.

2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನುಗಳ ಶಕ್ತಿಗುಂದಿದ ಏರ್‌ಬಸ್ 320 ವಿಮಾನವನ್ನು ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ಅವರು ಹಡ್ಸನ್ ನದಿಯ ಮೇಲೆ ಇಳಿಸಿದ್ದು ಲೋಕಪ್ರಸಿದ್ಧ. ಒಳಗಿದ್ದ 155 ಮಂದಿಯೂ ಬದುಕಿದರು. ಜಗತ್ತು ಕ್ಯಾಪ್ಟನ್ನರನ್ನು ಹೊಗಳಿತು. ಅವರು ಅದಕ್ಕೆ ಅರ್ಹರೂ ಹೌದು. ಆದರೆ ರೆಕ್ಕೆಯ ಮೇಲಿನ ದ್ವಾರಗಳನ್ನು ತೆರೆದವರು ಪ್ರಯಾಣಿಕರು. ಕೊರೆಯುವ ಚಳಿಯಲ್ಲಿ ಜನರು ರೆಕ್ಕೆಗಳ ಮೇಲೆ ಸಾಲಾಗಿ ನಿಂತು ದೋಣಿಗಳಿಗಾಗಿ ಕಾದ ಆ ಚಿತ್ರವನ್ನು ನೀವೂ ನೋಡಿರಬಹುದು. ಅವರು ಅಲ್ಲಿಗೆ ಬಂದದ್ದು ಯಾರೋ ಒಬ್ಬರು ತಮ್ಮ ಆಸನದಿಂದ ಎದ್ದು ಬಾಗಿಲು ತೆರೆದುದರಿಂದ.

ಆದಕಾರಣ ಕಾಲು ಚಾಚುವ ಆಸೆಗೆ ಮಾತ್ರ ಆ ಸಾಲನ್ನು ಕೇಳುವವರಿಗೆ ನಾನು ಎರಡು ಮಾತು ಹೇಳುತ್ತೇನೆ. ಆ ಸ್ಥಳ ನಿಮ್ಮ ಕಾಲಿಗಾಗಿ ಬಿಟ್ಟದ್ದಲ್ಲ. ಇತರರು ನಿಮ್ಮನ್ನು ದಾಟಿ ಹೋಗಲು ಬಿಟ್ಟದ್ದು. ನಿಮ್ಮ ತೋಳಿನಲ್ಲಿ ಬಲವಿದ್ದು, ಮನಸ್ಸಿನಲ್ಲಿ ಸಿದ್ಧತೆಯಿದ್ದರೆ ಸಂತೋಷದಿಂದ ಆರಿಸಿಕೊಳ್ಳಿ. ಇಲ್ಲವಾದರೆ ಇನ್ನೊಬ್ಬರಿಗೆ ಬಿಡಿ.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಂಥ ಸಾಲುಗಳಿವೆ. ಪಾಲನಾ ಪರಿಷತ್ತಿನ ಕುರ್ಚಿ, ಸಂಘದ ಅಧ್ಯಕ್ಷರ ಕುರ್ಚಿ, ವಾರ್ಷಿಕೋತ್ಸವದ ವೇದಿಕೆಯ ಮೇಲಿನ ಕುರ್ಚಿ. ಅವೆಲ್ಲ ಸ್ವಲ್ಪ ಹೆಚ್ಚು ಸ್ಥಳವಿರುವ ಆಸನಗಳು. ಕುಳಿತವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಬಯಸುವುದು ತಪ್ಪಲ್ಲ. ಆದರೆ ಆ ಕುರ್ಚಿಗಳ ಮುಂದೆ ಬಿಟ್ಟಿರುವ ಸ್ಥಳ ಯಾರಿಗಾಗಿ ಎಂಬುದನ್ನು ಅರಿತಿರಬೇಕು. ಮನೆ ಸೋರುವ ವಿಧವೆ, ಫೀಸು ಕಟ್ಟಲಾಗದ ವಿದ್ಯಾರ್ಥಿ, ಮಗನ ಕುಡಿತದಿಂದ ಬೇಸತ್ತ ತಂದೆ - ಇವರು ಹಾದುಹೋಗಲು ಅಲ್ಲಿ ದಾರಿಯಿದೆಯೇ? ಅಥವಾ ನಾವು ನಮ್ಮ ಚೀಲಗಳನ್ನು ಅಲ್ಲಿ ಪೇರಿಸಿ ದಾರಿಯನ್ನು ಮುಚ್ಚಿದ್ದೇವೆಯೇ?

ಮನೆಯೊಳಗೂ ಹಾಗೆಯೇ. ಹಿರಿಯ ಮಗನ ಸ್ಥಾನ, ಸಂಪಾದಿಸುವವನ ಸ್ಥಾನ, ಅತ್ತೆಯ ಸ್ಥಾನ - ಪ್ರತಿಯೊಂದರ ಬಳಿಯೂ ಒಂದು ಬಾಗಿಲಿದೆ. ಅದನ್ನು ಇತರರಿಗಾಗಿ ತೆರೆಯಬಲ್ಲವರು ಅಲ್ಲಿ ಕುಳಿತವರು ಮಾತ್ರ.

ಇಲ್ಲೊಂದು ವಿನೋದವನ್ನೂ ಹೇಳಬೇಕು. ವಿಮಾನದಲ್ಲಿ ಮುಂದಿನ ಸಾಲಿಗಾಗಿ ಹಣ ತೆರುವ ನಾವು ಭಾನುವಾರದ ಬಲಿಪೂಜೆಗೆ ಬಂದಾಗ ಹಿಂದಿನ ಬೆಂಚನ್ನೇ ಹುಡುಕುತ್ತೇವೆ. ದೇವಾಲಯದ ಮುಂದಿನ ಬೆಂಚುಗಳು ಖಾಲಿಯಿರುತ್ತವೆ, ಬಾಗಿಲ ಬಳಿ ನಿಲ್ಲಲು ಸ್ಥಳವಿರುವುದಿಲ್ಲ. ಔತಣಕ್ಕೆ ಕರೆದಾಗ ಕಡೆಯ ಸ್ಥಾನದಲ್ಲಿ ಕುಳಿತುಕೊಳ್ಳಬೇಕೆಂಬ ಯೇಸುವಿನ ಉಪದೇಶವನ್ನು, ಸಂತ ಲೂಕರ 14ನೆಯ ಅಧ್ಯಾಯವನ್ನು, ಇದಕ್ಕೆ ಆಧಾರವಾಗಿ ಹೇಳಿದವರನ್ನೂ ನಾನು ಬಲ್ಲೆ! ಆದರೆ ಆ ಉಪದೇಶ ಬೇಗ ಹೊರಗೆ ಹೋಗುವ ಸೌಕರ್ಯಕ್ಕಾಗಿ ಕೊಟ್ಟದ್ದಲ್ಲ. ತನ್ನ ಗೌರವವನ್ನು ತಾನೇ ಕಾದಿರಿಸಿಕೊಳ್ಳದೆ ಇನ್ನೊಬ್ಬನಿಗೆ ಎಡೆಮಾಡಿಕೊಡುವವನ ವಿಷಯದಲ್ಲಿ ಕೊಟ್ಟದ್ದು. ಅದೇ ಅಧ್ಯಾಯದಲ್ಲಿ ಮುಂದುವರಿದು ಯೇಸು, ಔತಣ ಮಾಡಿಸುವವರು ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಲಿ ಎನ್ನುತ್ತಾರೆ. ಎಲ್ಲಿ ಕುಳಿತುಕೊಳ್ಳಬೇಕು ಎಂಬ ಮಾತು ಯಾರಿಗೆ ಸ್ಥಳ ಕೊಡಬೇಕು ಎಂಬ ಮಾತಿನಲ್ಲಿ ಕೊನೆಗೊಳ್ಳುತ್ತದೆ.

ಇನ್ನೊಮ್ಮೆ ಆ ನಕ್ಷೆ ನಿಮ್ಮ ಮುಂದೆ ತೆರೆದುಕೊಂಡಾಗ ನಿಮಗೆ ಬೇಕಾದುದನ್ನು ಹಿಂಜರಿಯದೆ ಆರಿಸಿಕೊಳ್ಳಿ. ವಯಸ್ಸಾದ ತಂದೆತಾಯಿಯರ ಟಿಕೆಟನ್ನು ನೀವೇ ಕಾದಿರಿಸುವುದಾದರೆ, ಅವರಿಗೆ ಯಾವುದು ಅನುಕೂಲವೆಂದು ನೀವೇ ತೀರ್ಮಾನಿಸದೆ ಒಂದು ಮಾತು ಅವರನ್ನು ಕೇಳಿ. ಆಮೇಲೆ, ಹಣ ಪಾವತಿಸುವ ಗುಂಡಿಯನ್ನು ಒತ್ತುವ ಮೊದಲು, ಈ ಆಸನದಲ್ಲಿ ನನ್ನಿಂದ ಯಾರಿಗೆ ಏನಾದೀತು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ನಮ್ಮೆಲ್ಲರ ಕಡೆಯ ಪ್ರಯಾಣಕ್ಕೆ ಮಾತ್ರ ಇಂಥ ನಕ್ಷೆಯಿಲ್ಲ. ಅಲ್ಲಿಯ ಸ್ಥಾನವನ್ನು ಶುಲ್ಕ ತೆತ್ತು ಪಡೆಯುವಂತಿಲ್ಲ. ತಮ್ಮ ತಂದೆಯ ಮನೆಯಲ್ಲಿ ವಾಸಕ್ಕೆ ಸ್ಥಳಗಳು ಬೇಕಾದಷ್ಟಿವೆಯೆಂದೂ, ನಮಗಾಗಿ ಸ್ಥಳವನ್ನು ಸಿದ್ಧಪಡಿಸಲು ತಾವು ಮುಂದಾಗಿ ಹೋಗುತ್ತಿರುವುದಾಗಿಯೂ ಪ್ರಭು ಯೇಸು ಕಡೆಯ ಭೋಜನದ ರಾತ್ರಿ ಶಿಷ್ಯರಿಗೆ ಭರವಸೆಯಿತ್ತರು. ಅಂಥ ಸ್ಥಾನವನ್ನು ಪುಕ್ಕಟೆಯಾಗಿ ಪಡೆಯಲಿರುವ ನಾವು, ಇಲ್ಲಿ ಪಕ್ಕದವರಿಗೆ ನಾಲ್ಕು ಬೆರಳು ಅಗಲದ ಸ್ಥಳವನ್ನಾದರೂ ಬಿಟ್ಟುಕೊಡೋಣ. ಪ್ರಭು ನಿಮ್ಮ ಪ್ರಯಾಣಗಳನ್ನೂ, ನಿಮ್ಮ ದಾರಿ ಕಾಯುತ್ತಿರುವವರನ್ನೂ ಆಶೀರ್ವದಿಸಲಿ.